ಬಡಾಯಿ ಕಟ್ಟೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಮ್ಮೂರಿನ ಜಾತ್ರೆಯಲ್ಲಿ ನಾನಾಡಿದ ಒಂದು ಮಾತಿಗೆ ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಮಾತ್ರ ಎದ್ದುಹೋದ. ಅಷ್ಟು ಜನ ನಕ್ಕದ್ದು ದೊಡ್ಡದೋ, ಒಬ್ಬ ಎದ್ದುಹೋದದ್ದು ದೊಡ್ಡದೋ?"

ಗುರುಗಳು ಹೇಳಿದರು:

ಒಂದು ಸಣ್ಣ ಪೇಟೆಯಿತ್ತು. ಅಲ್ಲಿ ವರ್ಷಕ್ಕೊಮ್ಮೆ ಜಾತ್ರೆ. ಜಾತ್ರೆಯ ಕೊನೆಯ ದಿನ ಪೇಟೆಯ ನಡುವಿನ ಅರಳಿಕಟ್ಟೆಗೆ ಬಡಾಯಿ ಕಟ್ಟೆ ಎಂದು ಹೆಸರು. ಯಾರು ಬೇಕಾದರೂ ಅದನ್ನೇರಿ ಬಡಾಯಿ ಕೊಚ್ಚಬಹುದು. ಕೆಳಗೆ ನಿಂತವರು ಎಂಥ ಬಡಾಯಿಗೂ "ಹೌದಪ್ಪ, ಹೌದು" ಎನ್ನಬೇಕು. ಬೇರೆ ಮಾತಾಡುವಂತಿಲ್ಲ. ಯಾರ ಬಡಾಯಿಗೆ "ಹೌದು" ಎನ್ನಲಾಗದೆ ಜನರ ಬಾಯಿ ಕಟ್ಟುತ್ತದೋ ಅವನು ಗೆದ್ದ. ಅವನಿಗೆ ಹಿರಿಯರು ಕೆಂಪು ರುಮಾಲು ಸುತ್ತುತ್ತಿದ್ದರು. ಯಾರ ಬಾಯಿಯೂ ಕಟ್ಟದ ವರ್ಷ ಹೆಚ್ಚು ನಗಿಸಿದವನಿಗೆ ಸುತ್ತುತ್ತಿದ್ದರು. ಜಾತ್ರೆ ಮುಗಿದ ಮೇಲೆ ಕಟ್ಟೆಯ ಮಾತನ್ನು ಯಾರೂ ಎತ್ತುವಂತಿಲ್ಲ. ಇದು ಪೇಟೆಯ ಕಟ್ಟಳೆ.

ಅಲ್ಲೊಬ್ಬ ಬೆಲ್ಲದ ವ್ಯಾಪಾರಿ. ಬೆಲ್ಲಕ್ಕಿಂತ ಅವನ ಮಾತಿಗೇ ಹೆಚ್ಚು ಗಿರಾಕಿಗಳು. ಮದುವೆಯ ಮನೆಯಲ್ಲಿ ಅವನಿದ್ದರೆ ಬಡಿಸುವವರಿಗೆ ಕೆಲಸ ಕಡಿಮೆ. ನಗುವವರು ಉಣ್ಣುವುದೆಲ್ಲಿ ಬಂತು? ವರ್ಷವರ್ಷವೂ ರುಮಾಲು ಅವನದೇ. "ನಮ್ಮ ಅಜ್ಜನ ಮೀಸೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು. ಅಜ್ಜ ಎಡಕ್ಕೆ ತಿರುಗಿದರೆ ಪಕ್ಕದ ಊರಿನವರು, ನಿಮ್ಮ ಪಂಚೆಯ ನೀರು ನಮ್ಮ ಅಂಗಳಕ್ಕೆ ಸೋರುತ್ತದೆ ಎಂದು ಜಗಳಕ್ಕೆ ಬರುತ್ತಿದ್ದರು" ಎಂದು ಅವನು ಹೇಳಿದ ವರ್ಷ "ಹೌದು" ಎನ್ನಲು ಹೋದವರೆಲ್ಲ ಕೆಮ್ಮಿ ಕೆಮ್ಮಿ ಕೂತುಬಿಟ್ಟರು.

ಒಂದು ವರ್ಷ ಅವನ ಬಡಾಯಿ ಏಕೋ ಸಪ್ಪೆಯಾಯಿತು. "ನನ್ನ ಅಂಗಡಿಯ ಬೆಲ್ಲದ ಅಚ್ಚು ಎಷ್ಟು ದೊಡ್ಡದೆಂದರೆ, ಈ ತುದಿಯಿಂದ ಹೊರಟ ಇರುವೆ ಆ ತುದಿ ಮುಟ್ಟುವಷ್ಟರಲ್ಲಿ ಮೊಮ್ಮಕ್ಕಳ ಮದುವೆ ಮಾಡಿ ಮುಗಿಸಿರುತ್ತದೆ" ಎಂದ. ಜನ ನಕ್ಕರು, ಆದರೆ ಸಲೀಸಾಗಿ "ಹೌದಪ್ಪ, ಹೌದು" ಎಂದೂ ಬಿಟ್ಟರು. ವ್ಯಾಪಾರಿ ಹಿರಿಯರ ಕೈಯಲ್ಲಿದ್ದ ರುಮಾಲನ್ನೇ ನೋಡುತ್ತ ಕಟ್ಟೆಯಿಂದ ಇಳಿದ. ಈ ಸಲ ರುಮಾಲು ಕೈಬಿಟ್ಟರೆ ವರ್ಷವಿಡೀ ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ?

ಆಗ ಎಂದೂ ಕಟ್ಟೆ ಹತ್ತದ ಒಬ್ಬ ಕುಂಬಾರ ಹತ್ತಿದ. ಅವನಿಗೂ ಅವನ ತಮ್ಮನಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ತಂದೆಯ ಅಂಗಳಕ್ಕೆ ನಡುಗೋಡೆ ಎದ್ದಿತ್ತು. ಆಚೆಗೊಂದು ಮಡಕೆ ಮಾಡುವ ತಿಗರಿ, ಈಚೆಗೊಂದು ತಿಗರಿ. ಇದು ಪೇಟೆಗೆಲ್ಲ ಗೊತ್ತು.

ಕುಂಬಾರ ಒಂದೇ ಮಾತು ಹೇಳಿದ: "ಇವತ್ತು ಬೆಳಿಗ್ಗೆ ನಾನೂ ನನ್ನ ತಮ್ಮನೂ ಒಂದೇ ತಟ್ಟೆಯಲ್ಲಿ ರೊಟ್ಟಿ ತಿಂದೆವು."

ಪೇಟೆಯ ಬಾಯಿ ಕಟ್ಟಿತು. ಯಾರೂ ನಗಲಿಲ್ಲ, ಯಾರೂ "ಹೌದು" ಎನ್ನಲಿಲ್ಲ. ಮಂಡಕ್ಕಿ ಅಂಗಡಿಯ ಮುಂದೆ ತಮ್ಮ ನಿಂತಿದ್ದ. ಅವನು ಅಣ್ಣನನ್ನು ನೋಡಿದ. ಅವನ ತುಟಿ ಬಿಚ್ಚಿತು.

ವ್ಯಾಪಾರಿ ಅದನ್ನು ಕಂಡ. ಕಂಡರೂ ಅವನ ಮನಸ್ಸೆಲ್ಲ ರುಮಾಲಿನ ಮೇಲಿತ್ತು. ಇನ್ನೊಂದು ಗಳಿಗೆ ಜನ ಹೀಗೇ ಸುಮ್ಮನಿದ್ದರೆ ಅದು ಕುಂಬಾರನ ಪಾಲು. ಗಂಟಲಿಗೆ ಬಂದ ಮಾತನ್ನು ನುಂಗುವುದು ಅವನಿಗೆ ರೂಢಿಯೂ ಇರಲಿಲ್ಲ. ಕೂಗಿಯೇಬಿಟ್ಟ: "ಅಲ್ಲವೋ ಮಾರಾಯ, ಗೋಡೆಗೆ ತೂತು ಕೊರೆದು ತಟ್ಟೆ ತೂರಿಸಿದಿರೋ, ಇಲ್ಲ ರೊಟ್ಟಿಗೇ ರೆಕ್ಕೆ ಬಂದಿತ್ತೋ?"

ಪೇಟೆ ಬಿದ್ದು ಬಿದ್ದು ನಕ್ಕಿತು. ಕಟ್ಟಳೆ ಮುರಿದದ್ದು ಆ ನಗೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಕುಂಬಾರನ ತಮ್ಮ ಬಾಯಿ ಮುಚ್ಚಿದ. ಮಂಡಕ್ಕಿಯ ಪೊಟ್ಟಣವನ್ನು ಅಂಗಡಿಯ ಹಲಗೆಯ ಮೇಲೆಯೇ ಇಟ್ಟು ಹೊರಟುಹೋದ. ಅಣ್ಣ ಕಟ್ಟೆಯಿಂದ ಇಳಿದ. ರುಮಾಲು ವ್ಯಾಪಾರಿಯ ತಲೆಗೇ ಬಂತು.

ಮನೆಯಲ್ಲಿ ಹೆಂಡತಿ ಅವನಿಗೆ ನೀರು ಕೊಟ್ಟು ಹೇಳಿದಳು: "ನಾನೂ ನಕ್ಕೆ. ಆಮೇಲೆ ಆ ತಮ್ಮನ ಮುಖ ನೋಡಿದೆ. ಅವನು 'ಹೌದು' ಅನ್ನುವುದರಲ್ಲಿದ್ದ. ಅಷ್ಟರಲ್ಲಿ ನೀವು ಬಾಯಿ ಹಾಕಿದಿರಿ."

"ಅದು ಬಡಾಯಿ ಕಟ್ಟೆ ಕಣೇ. ಅಲ್ಲಿ ಹೇಳಿದ್ದನ್ನೆಲ್ಲ ನಿಜ ಅಂದುಕೊಂಡರೆ ಆಯಿತು ಕತೆ!"

"ನಮ್ಮವ್ವ ಮುನಿಸಿಕೊಂಡು ತವರಿನಲ್ಲಿ ಕೂತಿದ್ದಾಗ ನಮ್ಮಪ್ಪ ಆ ಕಟ್ಟೆ ಹತ್ತಿ, 'ನನ್ನ ಹೆಂಡತಿ ಮನೆಯಲ್ಲಿ ಹೋಳಿಗೆ ಸುಡುತ್ತಿದ್ದಾಳೆ' ಅಂದರಂತೆ. ಜಾತ್ರೆಗೆಂದು ಬಂದು ಜನರ ನಡುವೆ ನಿಂತಿದ್ದ ಅವ್ವ 'ಹೌದು' ಅಂದಳಂತೆ. ಅಲ್ಲಿಂದ ನೆಟ್ಟಗೆ ಮನೆಗೆ ಬಂದಳು. ಮರುವರ್ಷ ನಾನು ಹುಟ್ಟಿದೆ. ವರ್ಷವಿಡೀ ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳುವುದಕ್ಕೆ ಇರುವ ಜಾಗ ಅದು. ನೀವೊಬ್ಬರೇ ಅದನ್ನು ಸುಳ್ಳಿನ ಕಟ್ಟೆ ಅಂದುಕೊಂಡವರು."

ವ್ಯಾಪಾರಿ ರುಮಾಲು ಬಿಚ್ಚಿದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಕೂತ.

ಮರುದಿನ ಕುಂಬಾರನ ತಮ್ಮನ ಮನೆಗೆ ಹೋದ. ಬಾಗಿಲಲ್ಲಿ ನಿಂತು "ನಿನ್ನೆ ಕಟ್ಟೆಯಲ್ಲಿ..." ಎಂದು ಶುರುಮಾಡಿದ. ತಮ್ಮ ತಡೆದ: "ಜಾತ್ರೆ ಮುಗಿಯಿತಲ್ಲ ಮಾವ. ಕಟ್ಟೆಯ ಮಾತು ಎತ್ತಬಾರದು. ಕಟ್ಟಳೆ." ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ವ್ಯಾಪಾರಿಗೆ ಎಷ್ಟೋ ಹಗುರವಾಗುತ್ತಿತ್ತು. ಗೋಡೆಯ ಆಚೆ ಅಣ್ಣನ ತಿಗರಿ ತಿರುಗುವ ಸದ್ದು ಕೇಳುತ್ತಿತ್ತು. ವ್ಯಾಪಾರಿ ಬಂದ ದಾರಿಯಲ್ಲೇ ಹಿಂದಿರುಗಿದ.

ಆ ವರ್ಷವೆಲ್ಲ ಅವನು ಬೆಲ್ಲವನ್ನಷ್ಟೇ ಮಾರಿದ. "ಏನು ಮಾವ, ನಾಲಿಗೆಗೆ ಇರುವೆ ಮುತ್ತಿತೇ?" ಎಂದು ಗಿರಾಕಿಗಳು ಕೆಣಕಿದರೆ ತಕ್ಕಡಿ ನೋಡುತ್ತ ನಿಲ್ಲುತ್ತಿದ್ದ.

ಮತ್ತೆ ಜಾತ್ರೆ ಬಂತು. ವ್ಯಾಪಾರಿ ಎಲ್ಲರಿಗಿಂತ ಮೊದಲು ಕಟ್ಟೆ ಹತ್ತಿದ. ಜನ ಆಗಲೇ ನಗಲು ಬಾಯಿ ಸಿದ್ಧಮಾಡಿಕೊಂಡು ನಿಂತಿದ್ದರು. ಅಣ್ಣ ಒಂದು ತುದಿಯಲ್ಲಿದ್ದ, ತಮ್ಮ ಇನ್ನೊಂದು ತುದಿಯಲ್ಲಿದ್ದ. ವ್ಯಾಪಾರಿ ಹೇಳಿದ:

"ಹೋದ ವರ್ಷ ಕುಂಬಾರ ಈ ಕಟ್ಟೆ ಹತ್ತಿದಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ."

ಒಬ್ಬರೂ ನಗಲಿಲ್ಲ. "ಹೌದು" ಎಂದು ಯಾರಾದರೂ ಒಬ್ಬರು ಹೇಳಿದರೆ ಸಾಕಿತ್ತು. ವ್ಯಾಪಾರಿ ಆ ತುದಿ ನೋಡಿದ, ಈ ತುದಿ ನೋಡಿದ. ಅಣ್ಣ ನೆಲ ನೋಡುತ್ತಿದ್ದ. ತಮ್ಮನ ತುಟಿ ಅಲುಗಲಿಲ್ಲ. ಹೋದ ವರ್ಷ ನಕ್ಕಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ನಿಂತರು.

ಕಟ್ಟಳೆಯ ಪ್ರಕಾರ ಅವನೇ ಗೆದ್ದ. ಹಿರಿಯರು ಬಂದು ಮಾತಿಲ್ಲದೆ ಅವನಿಗೆ ರುಮಾಲು ಸುತ್ತಿದರು. ಸುತ್ತಿಸಿಕೊಳ್ಳಲು ಬಗ್ಗಿಸಿದ ತಲೆಯನ್ನು ಅವನು ಮನೆ ಮುಟ್ಟುವವರೆಗೂ ಎತ್ತಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ ಅಣ್ಣತಮ್ಮಂದಿರು ಒಂದಾದರೇ, ಗುರುಗಳೇ?" ಎಂದ.

ಗುರುಗಳು ತಿರುಗಿ ಒಂದೇ ಮಾತು ಕೇಳಿದರು:

"ಅದಿರಲಿ, ಎದ್ದುಹೋದವನ ಮನೆ ನಿಮ್ಮೂರಿನ ಯಾವ ಬೀದಿಯಲ್ಲಿದೆ?"