ಹೆಬ್ಬಾಗಿಲಿನ ಇಬ್ಬರು ಕಾವಲುಗಾರರು

‘ಮಲಗಿಸಬೇಕು, ಆದರೆ ಅದರ ಕೆಲಸ ನಿಲ್ಲಬಾರದು. ಮಲಗಿದ್ದು ಯಾರಿಗೂ ತಿಳಿಯಲೂ ಬಾರದು. ಹೇಗೆ, ಗುರುಗಳೇ?’

ಕೇಳಿದವನು ತಿಪ್ಪೇಶ. ಒಗಟು ಹಾಕುವ ಚಪಲಕ್ಕೆ ಕೇಳಿದ್ದಲ್ಲ, ತಲೆ ಕೆಟ್ಟು ಕೇಳಿದ್ದು. ಅವನು ಡೇಟಾ ಸೆಂಟರಿಗೆ ಸೇರಿ ಮೂರು ತಿಂಗಳಾಗಿತ್ತು. ಜಿಲ್ಲೆಯಲ್ಲಿ ಯಾರು ಆಂಬುಲೆನ್ಸಿಗೆ ಫೋನ್ ಮಾಡಿದರೂ ಆ ಕರೆ ಅಲ್ಲಿನ ಎರಡು ಸ್ವಿಚ್‌ಗಳಲ್ಲಿ ಒಂದನ್ನು ಹಾದೇ ಹೋಗಬೇಕು. ದೀಪ ಹಾಕುವ ಸ್ವಿಚ್ಚಲ್ಲ. ‘ನೀನು ಈ ಕಡೆ, ನೀನು ಆ ಕಡೆ’ ಎಂದು ಬಂದ ಕರೆಗೆ ದಾರಿ ಹೇಳುವ ಪೆಟ್ಟಿಗೆ. ನಾಳೆ ಬೆಳಿಗ್ಗೆ ಎರಡಕ್ಕೂ ಹೊಸ ಸಾಫ್ಟ್‌ವೇರ್ ಹಾಕಬೇಕು. ಹಾಕುವಾಗ ಪೆಟ್ಟಿಗೆ ಹತ್ತು ನಿಮಿಷ ಮಲಗುತ್ತದೆ. ಯಾರದೋ ಎದೆನೋವು ಹತ್ತು ನಿಮಿಷ ಕಾಯುತ್ತದೆಯೇ?

ಗುರು ರುದ್ರಮುನಿಗಳಿಗೆ ಗಡ್ಡವಿರಲಿಲ್ಲ. ಕೊರಳಲ್ಲಿ ರುದ್ರಾಕ್ಷಿಯ ಜಾಗದಲ್ಲಿ ಐಡಿ ಕಾರ್ಡು ನೇತಾಡುತ್ತಿತ್ತು. ಆದರೂ ಕೇಳಿದ್ದಕ್ಕೆ ನೇರ ಉತ್ತರ ಕೊಡದ ಗುಣ ಒಂದಿತ್ತಲ್ಲ, ಅದಕ್ಕೇ ಎಲ್ಲರೂ ಅವರನ್ನು ಗುರುಗಳು ಎನ್ನುತ್ತಿದ್ದರು. ಅವರು ಕತೆ ಹೇಳಿದರು.

ಒಂದು ಊರಿತ್ತು. ಹೆಬ್ಬಾಗಿಲಲ್ಲಿ ಇಬ್ಬರು ಕಾವಲುಗಾರರು. ಬಂದವರಿಗೆ ಓಣಿ ತೋರಿಸುವುದೇ ಅವರ ಕೆಲಸ. ಬಲಗಡೆಯವನು ಗಟ್ಟಿಗ. ಎಡಗಡೆಯವನು ಸುಲಭದ ಓಣಿಯನ್ನಷ್ಟೇ ತೋರಿಸುವನು. ಸ್ವಲ್ಪ ಕಷ್ಟದ್ದಾದರೆ, ‘ಆಚೆಯವನನ್ನು ಕೇಳಿ’ ಎನ್ನುವನು.

ಊರು ಬೆಳೆಯಿತು. ಓಣಿಗಳು ಬದಲಾದವು. ಇಬ್ಬರಿಗೂ ಹೊಸ ಓಣಿ ಕಲಿಸಿ, ಆದರೆ ದಾರಿ ಕೇಳಲು ಬಂದವರು ಒಬ್ಬರೂ ಬಾಗಿಲಲ್ಲಿ ಕಾಯುತ್ತ ನಿಲ್ಲಬಾರದು ಎಂದು ಊರಗೌಡ ಅಪ್ಪಣೆ ಮಾಡಿದ.

ಮೊದಲು ಬಲಗಡೆಯವನಿಗೆ ನಿಂತಲ್ಲೇ ಪಾಠ ಶುರುವಾಯಿತು. ಒಂದು ಕಿವಿಯಲ್ಲಿ ಪಾಠ, ಇನ್ನೊಂದರಲ್ಲಿ ಜನ. ಅವನು ಮದುವೆ ದಿಬ್ಬಣವನ್ನು ಸುಡುಗಾಡಿಗೆ ಕಳಿಸಿದ. ಹೆಣ ಹೊತ್ತವರನ್ನು ಮದುವೆ ಚಪ್ಪರಕ್ಕೆ ಕಳಿಸಿದ. ಚಪ್ಪರದಲ್ಲಿ ಅವರಿಗೂ ಪಾನಕ ಕೊಟ್ಟರು.

‘ಹೆಣಕ್ಕೂ ಕೊಟ್ಟರಾ?’ ಎಂದ ತಿಪ್ಪೇಶ.

‘ಸುಮ್ಮನೆ ಕೇಳಪ್ಪಾ,’ ಎಂದು ಗುರುಗಳು ಮುಂದುವರಿಸಿದರು.

ಬಾಗಿಲ ಬಳಿ ಮಜ್ಜಿಗೆ ಮಾರುವ ಮುದುಕಿಯೊಬ್ಬಳಿದ್ದಳು. ಅವಳು ಗೌಡನಿಗೆ ಹೇಳಿದಳು: ‘ಯಪ್ಪಾ, ಹೊಸದಾಗಿ ಬರೋರನ್ನೆಲ್ಲ ಎಡಗಡೆ ಕಳಿಸು. ಇವನ ಮುಂದೆ ನಿಂತೋರು ದಾರಿ ಕೇಳ್ಕೊಂಡು ಹೋಗ್ಲಿ. ಸಾಲು ಖಾಲಿ ಆದ್ಮೇಲೆ ಇವನನ್ನ ಒಳಗೆ ಕರ್ಕೊಂಡ್ಹೋಗಿ ಕಲಿಸು.’

ಗೌಡ ಹಾಗೆಯೇ ಮಾಡಿಸಿದ. ಬಲಗಡೆಯವನು ಕಲಿತು ಬಂದ. ಆಮೇಲೆ ಎಡಗಡೆಯವನ ಸಾಲು ಖಾಲಿಯಾಯಿತು, ಅವನೂ ಕಲಿತ. ಅಷ್ಟು ಹೊತ್ತೂ ಬಂದವರು ಒಬ್ಬರೂ ಬಾಗಿಲಲ್ಲಿ ಕಾಯುತ್ತ ನಿಲ್ಲಲಿಲ್ಲ. ವೈದ್ಯರ ಮನೆ ಹುಡುಕಿ ಓಡಿ ಬಂದ ಬಸುರಿಯ ಗಂಡನಿಗೂ ಸರಿಯಾದ ಓಣಿಯೇ ಸಿಕ್ಕಿತು. ಗಂಡು ಮಗು.

ತಿಪ್ಪೇಶನ ಮುಖ ಅರಳಿತು. ‘ಇಷ್ಟೇನಾ! ನಾಳೆ ಕರೆಗಳನ್ನೆಲ್ಲ ಎರಡನೇ ಸ್ವಿಚ್‌ಗೆ ದಾಟಿಸಿ ಮೊದಲನೆಯದನ್ನು ಮಲಗಿಸ್ತೀನಿ. ಎರಡನೇದು ಒಂದೇ ಎಲ್ಲಾ ಹೊರುತ್ತೆ, ಬಿಡಿ.’

ಎದ್ದವನು ಎರಡು ಹೆಜ್ಜೆ ಹೋಗಿ ನಿಂತ. ಅರಳಿದ ಮುಖ ಮತ್ತೆ ಗೊಂದಲಕ್ಕೆ ಬಿತ್ತು.

‘ಗುರುಗಳೇ, ಆ ಎಡಗಡೆಯವನು ಕಷ್ಟದ್ದೆಲ್ಲ ಆಚೆಯವನಿಗೆ ತಳ್ಳೋನು ಅಂದ್ರಿ. ಆಚೆಯವನು ಪಾಠಕ್ಕೆ ಹೋಗಿದ್ದ. ಇವನೊಬ್ಬನೇ ಇಡೀ ಊರಿಗೆ ದಾರಿ ಹೇಳಿದ್ದು ಹೇಗೆ?’

ಗುರುಗಳು ಎರಡನೇ ಸ್ವಿಚ್‌ನ ಮಿಣುಕು ದೀಪ ನೋಡುತ್ತಾ ಹೇಳಿದರು:

‘ಕತೆಯ ಕೊನೆಯನ್ನ ನಾನು ಕಟ್ಟಿ ಹೇಳಿದೆ ಕಣಪ್ಪಾ, ಇದು ಒಂದೇ ಎಲ್ಲಾ ಹೊರುತ್ತೆ ಅಂತ ನಿನಗೆ ಕಟ್ಟಿ ಹೇಳಿದವರು ಯಾರು?’