ಥೈಮ್ ಇದ್ದ ಬಾಟಲಿ

ಪದ್ಮಾಕ್ಷಮ್ಮನ ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯೊಳಗೆ, ಥೈಮ್ ಎಂಬ ಪರದೇಶದ ಒಣಸೊಪ್ಪು ಬಂದು ಕೂತಿತು. ಡಬ್ಬಿ ತೆರೆದಾಗಲೆಲ್ಲ ಜೀರಿಗೆ ಕೂಗಿ ಕರೆಯುತ್ತಿತ್ತು: "ಥೈಮಣ್ಣಾ, ಇವತ್ತು ತಿಳಿಸಾರು. ನೀನೂ ಬರುತ್ತೀಯಾ?"

ಥೈಮಿನಿಂದ ಉತ್ತರವೇ ಇಲ್ಲ.

"ಎಷ್ಟು ಜಂಬ ನೋಡು! ಇನ್ನು ಮಾತಾಡಿಸಬೇಡ," ಎಂದಿತು ಸಾಸಿವೆ. ಜೀರಿಗೆಯೂ ಸುಮ್ಮನಾಯಿತು.

ಬಹಳ ದಿನದ ಮೇಲೆ ಪದ್ಮಾಕ್ಷಮ್ಮ ಆಲೂಗಡ್ಡೆ ಹುರಿಯಲೆಂದು ಬಾಟಲಿ ತೆರೆದು ಮೂಸಿದರು. ಘಮವೆಲ್ಲ ಹೋಗಿತ್ತು. ಥೈಮನ್ನು ಕಸಕ್ಕೆ ಸುರಿದರು. ಬಾಟಲಿ ಚೆನ್ನಾಗಿದೆಯೆಂದು ತೊಳೆದು ಒರೆಸಿ, ಜೀರಿಗೆಯನ್ನು ಅದಕ್ಕೆ ತುಂಬಿ ಮುಚ್ಚಳ ಬಿಗಿದರು.

ಗಾಜಿನಾಚೆ ಸಾಸಿವೆ ಏನೋ ಕೇಳುತ್ತಿತ್ತು. ಜೀರಿಗೆಗೆ ಒಂದಕ್ಷರವೂ ಕೇಳಿಸಲಿಲ್ಲ. "ಇಲ್ಲೇ ಇದ್ದೀನಿ, ಬರ್ತೀನಿ!" ಎಂದು ಕಿರುಚಿತು. ಥೈಮ್ ಕೂಡ ಹೀಗೇ ಕಿರುಚಿರಬೇಕು ಎಂದು ಅದಕ್ಕೆ ಆಗ ಹೊಳೆಯಿತು.

ಸಾಸಿವೆ ಸ್ವಲ್ಪ ಹೊತ್ತು ಕಾದು, ಮುಖ ತಿರುಗಿಸಿಕೊಂಡಿತು.