ಹರಿಗೋಲಿನಲ್ಲಿ ಕಲಿತ ಪದ

ನಾಲ್ಕು ತಿಂಗಳ ಚಾತುರ್ಮಾಸ್ಯ ಮುಗಿದಿತ್ತು. ಅಂದು ಗುರುಗಳು ನದಿ ದಾಟಬೇಕು. ಅವರ ಪಾದುಕೆಗಳನ್ನು ತಲೆಯ ಮೇಲೆ ಹೊತ್ತು ಒಬ್ಬ ಶಿಷ್ಯ ಜೊತೆಗೆ ಹೋಗುವುದು ಆ ಆಶ್ರಮದ ಪದ್ಧತಿ.

ವಾಮನ ಹನ್ನೆರಡು ವರ್ಷ ಆ ಪಾದುಕೆಗಳನ್ನು ತೊಳೆದಿದ್ದ, ಒರೆಸಿದ್ದ. ಒಮ್ಮೆಯೂ ಹೊತ್ತಿರಲಿಲ್ಲ. ಈ ಸಲ ತನಗೇ ಎಂದು ಬೆಳಗಿನಿಂದ ಮಡಿಯುಟ್ಟು ಕಾದಿದ್ದ.

ಗುರುಗಳು ಪಾದುಕೆಗಳನ್ನು ಹಾಲ್ವರನ ಕೈಗಿತ್ತರು. ಅವನು ನಾರ್ವೆಯಿಂದ ಬಂದು ಎಂಟು ತಿಂಗಳಾಗಿತ್ತು, ಅಷ್ಟೆ.

"ವಾಮನ, ನೀನು ಹುಟ್ಟು ಹಾಕು," ಎಂದರು.

ಮೂವರನ್ನು ಹೊತ್ತ ಹರಿಗೋಲು ದಡ ಬಿಟ್ಟಿತು.

"ನಿಮ್ಮ ನಾರ್ವೆಯಲ್ಲಿ ಪಾದುಕೆ ಹೊರೋದೂ ಕಲಿಸ್ತಾರೇನಪ್ಪಾ?" ಎಂದ ವಾಮನ.

"ಇಲ್ಲ ವಾಮನಣ್ಣ. ಅಲ್ಲಿನ ಚಳಿಗೆ ಪಾದುಕೆ ಹಾಕಿಕೊಂಡರೆ ಬೆರಳೇ ಉಳಿಯಲ್ಲ."

ಗುರುಗಳು ನಕ್ಕರು. ವಾಮನ ನಗಲಿಲ್ಲ. ಅವನ ಕಣ್ಣು ಪಾದುಕೆಗಳ ಮೇಲಿತ್ತು. ಹುಟ್ಟು ಒಂದೇ ಕಡೆ ಬೀಳುತ್ತಿತ್ತು. ನಡುನೀರಿನಲ್ಲಿ ಹರಿಗೋಲು ನಿಂತಲ್ಲೇ ತಿರುಗತೊಡಗಿತು.

ಗುರುಗಳು ಅದನ್ನು ಗಮನಿಸದವರಂತೆ ಕೇಳಿದರು: "ಹಾಲ್ವರ್, ನಿನ್ನೆ ಕೊನೆಯ ಹೋಳಿಗೆ ವಾಮನನ ಎಲೆಗೆ ಬಿದ್ದಾಗ ನಿಮ್ಮ ಮಾತಿನಲ್ಲಿ ಏನೋ ಅಂದೆಯಲ್ಲ?"

"ಉನ್ನೆ ಅಂತ ಒಂದು ಪದ ಇದೆ, ಸ್ವಾಮಿ. ದಿನಾ ಬಳಸ್ತೀವಿ. ಅಕ್ಕನಿಗೆ ರಜೆ ಸಿಕ್ಕಿದಾಗ, ಪಕ್ಕದವರಿಗೆ ಬಿಸಿಲು ಬೀಳೋ ಮನೆ ಸಿಕ್ಕಿದಾಗ. ಅದು ನಿನಗೆ ಸಿಕ್ಕಿತಲ್ಲ, ನನಗೆ ಸಂತೋಷ ಅಂತ."

"ನಿನಗೆ ಹೋಳಿಗೆ ಬೇಡವಾಗಿತ್ತೋ?"

"ತುಂಬಾ ಬೇಕಿತ್ತು, ಸ್ವಾಮಿ."

ಗುರುಗಳು ವಾಮನನತ್ತ ತಿರುಗಿದರು. "ನೀನೂ ಒಮ್ಮೆ ಹೇಳು, ಕೇಳೋಣ."

ವಾಮನ ಹಲ್ಲು ಕಚ್ಚಿಕೊಂಡೇ ಹೇಳಿದ: "ಉನ್ನೆ."

ಹರಿಗೋಲು ಇನ್ನೊಂದು ಸುತ್ತು ತಿರುಗಿತು.

"ಉಚ್ಚಾರ ಸರಿಯಾಗಿದೆ," ಎಂದರು ಗುರುಗಳು.

ವಾಮನ ಹುಟ್ಟನ್ನು ತೊಡೆಯ ಮೇಲೆ ಎಳೆದುಕೊಂಡ.

"ಹನ್ನೆರಡು ವರ್ಷ, ಸ್ವಾಮಿ! ಇವನು ಪಾದುಕೆ ಹೊತ್ತು ಆ ದಡದಲ್ಲಿ ಇಳಿಯೋದನ್ನ ನಾನು ನೋಡಲಾರೆ. ನನ್ನ ಕೈಯಾರೆ ಇವನನ್ನ ಅಲ್ಲಿಗೆ ಮುಟ್ಟಿಸಲಾರೆ."

ಹಾಲ್ವರ್ ಪಾದುಕೆಗಳನ್ನು ತಲೆಯಿಂದ ಇಳಿಸಿ ವಾಮನನ ಕಡೆಗೆ ಚಾಚಿದ. ಗುರುಗಳು ಅವನ ಕೈ ತಡೆದರು.

"ಮುಟ್ಟಿಸಬೇಡ ವಾಮನ," ಎಂದರು. "ಆದರೆ ನೀನು ಕೂತಿರೋದು ಯಾವ ಹರಿಗೋಲಿನಲ್ಲಿ, ಒಮ್ಮೆ ನೋಡಿಕೋ."